ಗಾಲ್ಫ್ ಹ್ಯಾಂಡಿಕ್ಯಾಪ್: ವಿವಿಧ ಮೈದಾನಗಳಿಗೆ ಲೆಕ್ಕ ಹಾಕುವ ವಿಧಾನ

ಅಸಮಾನ ಸಾಮರ್ಥ್ಯದ ಆಟಗಾರರು ಸಮಾನ ನೆಲೆಯಲ್ಲಿ ಸ್ಪರ್ಧಿಸಲು ಅನುವಾಗುವಂತೆ ನೀಡಲಾಗುವ ಹೊಡೆತಗಳ ರಿಯಾಯಿತಿಯನ್ನು ಹ್ಯಾಂಡಿಕ್ಯಾಪ್ ಎನ್ನಲಾಗುತ್ತದೆ. ಈ ಹಿಂದೆ ವಿವಿಧ ದೇಶಗಳಲ್ಲಿ ಜಾರಿಯಲ್ಲಿದ್ದ ಆರು ಪದ್ಧತಿಗಳನ್ನು ಒಂದುಗೂಡಿಸಿ, 2020ರಲ್ಲಿ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯನ್ನು ಜಾರಿಗೆ ತರಲಾಯಿತು.

1. ತಿಳಿದಿರಬೇಕಾದ ಪದಗಳು

ಕೋರ್ಸ್ ರೇಟಿಂಗ್: ನುರಿತ (ಸ್ಕ್ರಾಚ್) ಆಟಗಾರನು ಸದರಿ ಮೈದಾನದಲ್ಲಿ ತೆಗೆದುಕೊಳ್ಳಬಹುದೆಂದು ನಿರೀಕ್ಷಿಸಲಾಗುವ ಹೊಡೆತಗಳು.

ಸ್ಲೋಪ್ ರೇಟಿಂಗ್: ಸ್ಕ್ರಾಚ್ ಆಟಗಾರನಿಗೆ ಹೋಲಿಸಿದಲ್ಲಿ ಸಾಮಾನ್ಯ (ಬೋಗಿ) ಆಟಗಾರನಿಗೆ ಮೈದಾನವು ಎಷ್ಟು ಕಠಿಣ ಎಂಬುದರ ಅಳತೆ. ಇದು 55ರಿಂದ 155ರವರೆಗೆ ಇರುತ್ತದೆ. 113 ಪ್ರಮಾಣಿತ ಅಂಕ.

ಈ ಎರಡೂ ಅಂಕಗಳು ಒಂದೇ ಮೈದಾನದಲ್ಲಿ ಟೀಯಿಂದ ಟೀಗೆ ಬದಲಾಗುತ್ತವೆ.

2. ಹ್ಯಾಂಡಿಕ್ಯಾಪ್ ಇಂಡೆಕ್ಸ್ ಪಡೆಯುವುದು

ಮೊದಲ ಬಾರಿಗೆ ಇಂಡೆಕ್ಸ್ ಪಡೆಯಲು ಒಟ್ಟು 54 ಕುಳಿಗಳ ಅಂಕಗಳನ್ನು ಸಲ್ಲಿಸತಕ್ಕದ್ದು. ಇದನ್ನು 9 ಅಥವಾ 18 ಕುಳಿಗಳ ಸುತ್ತುಗಳಲ್ಲಿ ಪೂರೈಸಬಹುದು. ಪ್ರತಿ 18 ಕುಳಿಗಳ ಸುತ್ತಿನ ವ್ಯತ್ಯಾಸಾಂಕವನ್ನು ಈ ಕೆಳಕಂಡಂತೆ ಲೆಕ್ಕ ಹಾಕಲಾಗುತ್ತದೆ:

(ಹೊಂದಿಸಿದ ಒಟ್ಟು ಹೊಡೆತಗಳು – ಕೋರ್ಸ್ ರೇಟಿಂಗ್) × 113 ÷ ಸ್ಲೋಪ್ ರೇಟಿಂಗ್

ಆ ದಿನದ ಹವಾಮಾನ ಮತ್ತು ಮೈದಾನದ ಸ್ಥಿತಿಗಾಗಿ ಹೊಂದಾಣಿಕೆಯಿದ್ದಲ್ಲಿ ಅದನ್ನೂ ಆವರಣದೊಳಗೆ ಕಳೆಯಲಾಗುತ್ತದೆ. ಇತ್ತೀಚಿನ 20 ವ್ಯತ್ಯಾಸಾಂಕಗಳ ಪೈಕಿ ಅತ್ಯುತ್ತಮ 8ರ ಸರಾಸರಿಯೇ ಇಂಡೆಕ್ಸ್ ಆಗಿರುತ್ತದೆ. ಗರಿಷ್ಠ ಮಿತಿ 54.0.

3. ಮೈದಾನದ ಹ್ಯಾಂಡಿಕ್ಯಾಪ್

ಇಂಡೆಕ್ಸ್ ಎಂಬುದೇ ದೊರೆಯುವ ಹೊಡೆತಗಳ ಸಂಖ್ಯೆ ಎಂದು ಭಾವಿಸಬಾರದು. ಆಡುವ ಟೀಗೆ ಅದನ್ನು ಹೀಗೆ ಪರಿವರ್ತಿಸತಕ್ಕದ್ದು:

ಇಂಡೆಕ್ಸ್ × ಸ್ಲೋಪ್ ರೇಟಿಂಗ್ ÷ 113 + (ಕೋರ್ಸ್ ರೇಟಿಂಗ್ – ಪಾರ್)

ಉದಾಹರಣೆ (ಇಂಡೆಕ್ಸ್ 18.4, ಪಾರ್ 72):

ಮೈದಾನ ಅ – ಸ್ಲೋಪ್ 105, ರೇಟಿಂಗ್ 69.2: 17.1 – 2.8 = 14.3, ಅಂದರೆ 14 ಹೊಡೆತಗಳು.

ಮೈದಾನ ಆ – ಸ್ಲೋಪ್ 135, ರೇಟಿಂಗ್ 73.5: 22.0 + 1.5 = 23.5ಕ್ಕಿಂತ ತುಸು ಕಡಿಮೆ, ಅಂದರೆ 23 ಹೊಡೆತಗಳು.

ಒಬ್ಬನೇ ಆಟಗಾರನಿಗೆ ಎರಡು ಮೈದಾನಗಳ ನಡುವೆ 9 ಹೊಡೆತಗಳ ಅಂತರ ಉಂಟಾಗುವುದನ್ನು ಗಮನಿಸುವುದು. ಸ್ಪರ್ಧೆಯ ಸ್ವರೂಪಕ್ಕೆ ಅನುಗುಣವಾಗಿ ಈ ಸಂಖ್ಯೆಯ ಶೇಕಡಾವಾರು ಭಾಗವನ್ನು ಮಾತ್ರ ಅನ್ವಯಿಸಬಹುದು. ಇದನ್ನು ಸ್ಪರ್ಧಾ ಸಮಿತಿಯು ಪ್ರಕಟಿಸುತ್ತದೆ.

4. ಅರ್ಜಿದಾರರ ಗಮನಕ್ಕೆ

ಕಡಿಮೆ ಹೊಡೆತಗಳ ಸುತ್ತೇ ಉತ್ತಮ ಸುತ್ತು ಎಂಬುದು ಸಾಮಾನ್ಯ ತಪ್ಪು ಕಲ್ಪನೆ. ಮೇಲ್ಕಂಡ ಮೈದಾನ ಅ-ದಲ್ಲಿ 90 ಹೊಡೆತಗಳ ಸುತ್ತಿನ ವ್ಯತ್ಯಾಸಾಂಕ 22.4, ಮೈದಾನ ಆ-ದಲ್ಲಿ 95 ಹೊಡೆತಗಳಿಗೆ 18.0 ಮಾತ್ರ. ಎರಡನೆಯದೇ ಉತ್ತಮ ಸಾಧನೆ. ಆದುದರಿಂದ ಅಂಕಪಟ್ಟಿ ಸಲ್ಲಿಸುವಾಗ ಮೈದಾನದ ಹೆಸರಿನೊಂದಿಗೆ ಆಡಿದ ಟೀಯನ್ನೂ ತಪ್ಪದೆ ನಮೂದಿಸತಕ್ಕದ್ದು.

ಒಳ್ಳೆಯ ಅಥವಾ ಕೆಟ್ಟ ಸುತ್ತುಗಳನ್ನು ಮಾತ್ರ ಆಯ್ದು ಸಲ್ಲಿಸುವುದು ಸಲ್ಲದು. ಆಯ್ದ ಅಂಕಗಳಿಂದ ಇಂಡೆಕ್ಸ್ ತಪ್ಪಾಗಿ ನಿಗದಿಯಾಗುತ್ತದೆ ಹಾಗೂ ಪ್ರಾಮಾಣಿಕವಾಗಿ ಆಡಿದ ಎದುರಾಳಿಗೆ ಅನ್ಯಾಯವಾಗುತ್ತದೆ.