ಗಾಳಿ ಕೊಳವೆಗೆ ನುಗ್ಗಿದ ನೀರು

ಅಣು ವಿದ್ಯುತ್ ಸ್ಥಾವರಗಳ ಅವಘಡದ ಮಾತು ಬಂದರೆ ಮೂರು ಹೆಸರು ತಪ್ಪದೇ ಬರುತ್ತವೆ - ತ್ರೀ ಮೈಲ್ ಐಲ್ಯಾಂಡ್ (1979), ಚೆರ್ನೋಬಿಲ್ (1986), ಫುಕುಶಿಮಾ (2011). ಮೊದಲನೆಯದರ ಕತೆಯನ್ನು ಎಲ್ಲೇ ಓದಿದರೂ ಅದು ಸಾಮಾನ್ಯವಾಗಿ ಶುರುವಾಗುವುದು ಹೀಗೆ: ರಿಯಾಕ್ಟರಿನ ಒತ್ತಡ ಇಳಿಸುವ ಒಂದು ವಾಲ್ವು ತೆರೆದುಕೊಂಡಿತು, ಮತ್ತೆ ಮುಚ್ಚಲೇ ಇಲ್ಲ, ಆಪರೇಟರುಗಳಿಗೆ ಅದು ಗೊತ್ತಾಗಲಿಲ್ಲ. ಅಲ್ಲಿಗೆ ತಪ್ಪೆಲ್ಲ ಆಪರೇಟರುಗಳ ತಲೆಗೆ!

ಆದರೆ ಆ ವಾಲ್ವು ತೆರೆಯಬೇಕಾಗಿ ಬಂದದ್ದಾದರೂ ಯಾಕೆ? ಉತ್ತರ ಹುಡುಕುತ್ತಾ ಹೋದರೆ ನಾವು ರಿಯಾಕ್ಟರ್ ಬಿಟ್ಟು ಟರ್ಬೈನ್ ಕಡೆಗೆ ಬರಬೇಕಾಗುತ್ತದೆ. ಅಲ್ಲಿ ಸಿಗುವುದು ಬೇರೆ ವಾಲ್ವುಗಳು. ಗಾಳಿಯಿಂದ ಕೆಲಸ ಮಾಡುವ, ಯಾವ ಕಾರ್ಖಾನೆಗೆ ಹೋದರೂ ಡಜನ್ನುಗಟ್ಟಲೆ ಕಾಣಸಿಗುವ ಸಾದಾ ವಾಲ್ವುಗಳು. ಇವುಗಳ ಬಗ್ಗೆ ಯಾರೂ ಹೆಚ್ಚು ಬರೆಯುವುದಿಲ್ಲ. ಹಾಗಾಗಿ ನಾನೇ ಬರೆಯೋಣ ಅಂದುಕೊಂಡೆ :)

ಮೊದಲು ಸ್ವಲ್ಪ ಹಿನ್ನೆಲೆ.

ದೊಡ್ಡ ಪೈಪಿನ ವಾಲ್ವನ್ನು ಕೈಯಲ್ಲಿ ತಿರುಗಿಸುವುದು ಸುಲಭದ ಕೆಲಸವಲ್ಲ. ಅದರ ನೆತ್ತಿಯ ಮೇಲೆ ಒಂದು ತಟ್ಟೆಯಾಕಾರದ ಡಬ್ಬಿ ಕೂರಿಸಿ, ಒಳಗೆ ರಬ್ಬರಿನ ಪರದೆ (ಡಯಾಫ್ರಾಮ್), ಅದಕ್ಕೆದುರಾಗಿ ಒಂದು ಗಟ್ಟಿ ಸ್ಪ್ರಿಂಗು ಇಟ್ಟರೆ ನ್ಯೂಮ್ಯಾಟಿಕ್ ಆಕ್ಚುಯೇಟರ್ ಆಯಿತು. ಗಾಳಿ ತುಂಬಿದರೆ ಪರದೆ ಒಂದು ಕಡೆ ತಳ್ಳುತ್ತದೆ, ಗಾಳಿ ಬಿಟ್ಟರೆ ಸ್ಪ್ರಿಂಗು ಇನ್ನೊಂದು ಕಡೆ ತಳ್ಳುತ್ತದೆ. ಅಷ್ಟೇ! ಪರದೆಯ ವಿಸ್ತೀರ್ಣ 100 ಚದರ ಇಂಚು ಇದ್ದು 15 ಪಿಎಸ್‌ಐ ಗಾಳಿ ಕೊಟ್ಟರೆ 1500 ಪೌಂಡು, ಅಂದರೆ ಸುಮಾರು 680 ಕೆಜಿ ಬಲ. ಸೈಕಲ್ ಟೈರಿನಲ್ಲಿರುವುದಕ್ಕಿಂತ ಕಡಿಮೆ ಒತ್ತಡದ ಗಾಳಿ ಮಾಡುವ ಕೆಲಸ ಇದು.

ಇದರ ಹಿಂದಿನ ಮುಖ್ಯ ಯೋಚನೆ ಬಂದದ್ದು ರೈಲಿನಿಂದ. ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಗಾಳಿಯ ಬ್ರೇಕು ತಂದ. ಗಾಳಿ ಕಳಿಸಿದರೆ ಬ್ರೇಕು ಹಿಡಿಯಬೇಕು, ಇದು ಅವನ ಮೊದಲ ಏರ್ಪಾಡು. ಆದರೆ ದಾರಿಯಲ್ಲಿ ಕೊಳವೆ ಒಡೆದರೆ? ಬ್ರೇಕೇ ಇಲ್ಲ! 1872ರಲ್ಲಿ ಅವನು ಇದನ್ನು ತಲೆಕೆಳಗು ಮಾಡಿದ. ಕೊಳವೆಯಲ್ಲಿ ಗಾಳಿ ಇರುವಷ್ಟು ಹೊತ್ತು ಬ್ರೇಕು ಬಿಟ್ಟಿರುತ್ತದೆ, ಗಾಳಿ ಹೋದರೆ ತಾನಾಗಿಯೇ ಹಿಡಿಯುತ್ತದೆ. ಇವತ್ತಿನ ದೊಡ್ಡ ಬಸ್ಸುಗಳ ಪಾರ್ಕಿಂಗ್ ಬ್ರೇಕಿನಲ್ಲೂ ಇದೇ ತರ್ಕ. ಹಿಡಿಯುವುದು ಸ್ಪ್ರಿಂಗು, ಬಿಡಿಸುವುದು ಗಾಳಿ. ಡ್ರೈವರು ಲಿವರ್ ಎಳೆದಾಗ ಬರುವ 'ಭುಸ್ಸ್' ಶಬ್ದ ಆ ಗಾಳಿ ಹೊರಗೆ ಹೋಗುವುದು.

ಕಾರ್ಖಾನೆಯ ವಾಲ್ವುಗಳಿಗೂ ಇದೇ ಪ್ರಶ್ನೆ ಕೇಳಬೇಕು. ಗಾಳಿ ಹೋದರೆ ಈ ವಾಲ್ವು ತೆರೆದುಕೊಳ್ಳಬೇಕೋ, ಮುಚ್ಚಿಕೊಳ್ಳಬೇಕೋ? ಕುಲುಮೆಗೆ ಎಣ್ಣೆ ಕೊಡುವ ವಾಲ್ವಾದರೆ ಮುಚ್ಚಬೇಕು, ತಂಪು ಮಾಡುವ ನೀರಿನದಾದರೆ ತೆರೆದಿರಬೇಕು. ಇದನ್ನು ವಾಲ್ವು ಕೂರಿಸುವ ಮೊದಲೇ ತೀರ್ಮಾನಿಸಿ, ಅದಕ್ಕೆ ತಕ್ಕಂತೆ ಸ್ಪ್ರಿಂಗು ಯಾವ ಕಡೆಗಿರಬೇಕೆಂದು ನೋಡಬೇಕು. ಆಕ್ಚುಯೇಟರ್ ಅಳವಡಿಸುವುದರಲ್ಲಿ ಎಲ್ಲಕ್ಕಿಂತ ದೊಡ್ಡ ನಿರ್ಧಾರ ಇದೇ.

20ನೇ ಶತಮಾನದ ಮೊದಲ ಅರ್ಧದಲ್ಲಿ ತೈಲ ಸಂಸ್ಕರಣಾಗಾರಗಳು ಬೆಳೆದಂತೆ ಈ ವಾಲ್ವುಗಳೂ ಬೆಳೆದವು. ಪೆಟ್ರೋಲಿನ ಆವಿ ಇರುವ ಕಡೆ ವಿದ್ಯುತ್ತಿನ ಕಿಡಿ ಬಿದ್ದರೆ ಕತೆ ಮುಗಿಯಿತು, ಗಾಳಿಗೆ ಆ ಭಯವಿಲ್ಲ. ಅಮೆರಿಕದ ಫಾಕ್ಸ್‌ಬರೋ, ಟೇಲರ್, ಫಿಶರ್ ಕಂಪನಿಗಳು ಗಾಳಿಯಿಂದಲೇ ಅಳೆಯುವ, ಗಾಳಿಯಿಂದಲೇ ಲೆಕ್ಕ ಹಾಕುವ ಕಂಟ್ರೋಲರುಗಳನ್ನು ಮಾಡಿದವು. 3ರಿಂದ 15 ಪಿಎಸ್‌ಐ ಅನ್ನುವುದು ಇವುಗಳೆಲ್ಲದರ ಸಾಮಾನ್ಯ ಭಾಷೆಯಾಯಿತು. ಸೊನ್ನೆಯಿಂದ ಶುರು ಮಾಡದೆ ಮೂರರಿಂದ ಯಾಕೆ? 3 ಅಂದರೆ ಅಳತೆ ಸೊನ್ನೆಯಲ್ಲಿದೆ ಎಂದು. ನಿಜಕ್ಕೂ ಸೊನ್ನೆಯೇ ಬಂದರೆ ಕೊಳವೆ ಒಡೆದಿದೆ ಎಂದು. ಎಷ್ಟು ಸರಳ, ಅಲ್ವಾ?

ಇಷ್ಟೆಲ್ಲ ಜಾಣತನದ ಕೆಳಗೆ ಒಂದು ನಂಬಿಕೆ ಇದೆ. ಕೊಳವೆಯಲ್ಲಿರುವುದು ಬರೀ ಗಾಳಿ ಅನ್ನುವ ನಂಬಿಕೆ. ಅದು ಬರೀ ಗಾಳಿಯಾಗಿರುವುದು ಕಷ್ಟ ಮಾರಾಯ್ರೇ! 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒದ್ದೆಯಾದ ಮಳೆಗಾಲದ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. ಅಂಥ ಎಂಟು ಘನ ಮೀಟರನ್ನು ಒಂದಕ್ಕೆ ಒತ್ತಿ ಮತ್ತೆ 30 ಡಿಗ್ರಿಗೆ ತಣಿಸಿದರೆ, ಒಳಗಿದ್ದ 240 ಗ್ರಾಂನಲ್ಲಿ ಆವಿಯಾಗಿ ಉಳಿಯುವುದು 30 ಗ್ರಾಂ ಮಾತ್ರ. ಮಿಕ್ಕ 210 ಗ್ರಾಂ ನೀರಾಗಿ ಕೊಳವೆಯಲ್ಲೇ ಕೂರುತ್ತದೆ. ಕಂಪ್ರೆಸರಿನ ಪಕ್ಕದಲ್ಲಿ ಕೂಲರು, ಡ್ರೈಯರು, ಫಿಲ್ಟರು ಇರುವುದು ಈ ಕಾರಣಕ್ಕೆ. ನೀರು ಹೊಕ್ಕರೆ ತುಕ್ಕು ಹಿಡಿಯುತ್ತದೆ, ತುಕ್ಕಿನ ಪುಡಿ ಸೂಜಿ ಮೊನೆಯಷ್ಟಿರುವ ರಂಧ್ರಗಳನ್ನು ಮುಚ್ಚುತ್ತದೆ, ಚಳಿ ದೇಶವಾದರೆ ನೀರು ಹೆಪ್ಪುಗಟ್ಟುತ್ತದೆ.

ಇರಲಿ, ಈಗ ಕತೆಗೆ ಬರೋಣ.

*

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ, ಸಸ್ಕ್ವೆಹಾನ ನದಿಯ ನಡುವೆ ಒಂದು ದ್ವೀಪ. ರಾಜಧಾನಿ ಹ್ಯಾರಿಸ್‌ಬರ್ಗ್ ಹತ್ತಿರದಲ್ಲೇ ಇದೆ. ಅಲ್ಲಿನ ಎರಡನೇ ಘಟಕ ವಾಣಿಜ್ಯ ಉತ್ಪಾದನೆ ಶುರು ಮಾಡಿದ್ದು 1978ರ ಡಿಸೆಂಬರ್ ಕೊನೆಗೆ. ಅಂದರೆ ಅವಘಡದ ಹೊತ್ತಿಗೆ ಅದಕ್ಕೆ ಮೂರು ತಿಂಗಳ ಪ್ರಾಯ!

ಟರ್ಬೈನಿನಿಂದ ಹೊರಬಂದ ಉಗಿ ತಣಿದು ನೀರಾಗಿ ಮತ್ತೆ ಬಾಯ್ಲರಿನ ಕಡೆಗೆ ಹೋಗುತ್ತದೆ. ದಾರಿಯಲ್ಲಿ ಆ ನೀರನ್ನು ಶುದ್ಧ ಮಾಡಲು ಎಂಟು ತೊಟ್ಟಿಗಳಿದ್ದವು. ಇವಕ್ಕೆ ಕಂಡೆನ್ಸೇಟ್ ಪಾಲಿಶರ್ ಅಂತ ಹೆಸರು. ತೊಟ್ಟಿಯೊಳಗೆ ಸಣ್ಣ ಮಣಿಗಳಂಥ ರೆಸಿನ್. ಅದು ಹಳತಾದಾಗ ನೀರು ಮತ್ತು ಗಾಳಿಯ ಒತ್ತಡದಿಂದ ಪೈಪಿನ ಮೂಲಕ ಹೊರಗೆ ಸಾಗಿಸಬೇಕು. 1979ರ ಮಾರ್ಚ್ 27ರ ಸಂಜೆ ಏಳನೇ ತೊಟ್ಟಿಯ ರೆಸಿನ್ ಹೀಗೆ ಸಾಗುವಾಗ ಪೈಪಿನಲ್ಲಿ ಕಟ್ಟಿಕೊಂಡಿತು. ಕೆಲಸಗಾರರು ಅದನ್ನು ಬಿಡಿಸಲು ಸುಮಾರು ಹನ್ನೊಂದು ಗಂಟೆ ಒದ್ದಾಡಿದರು. ಆ ಒದ್ದಾಟದಲ್ಲಿ, ಹಿಂದಕ್ಕೆ ಬರದಂತೆ ತಡೆಯಬೇಕಾಗಿದ್ದ ಒಂದು ಚೆಕ್ ವಾಲ್ವು ತೆರೆದೇ ಸಿಕ್ಕಿಕೊಂಡಿತ್ತು. ನೀರಿನ ಒತ್ತಡ ಗಾಳಿಯದಕ್ಕಿಂತ ಹೆಚ್ಚಾದಾಗ ಸ್ವಲ್ಪ ನೀರು ಗಾಳಿಯ ಲೈನಿಗೆ ನುಗ್ಗಿ, ಅಲ್ಲಿಂದ ವಾಲ್ವುಗಳನ್ನು ನಡೆಸುವ ಇನ್‌ಸ್ಟ್ರುಮೆಂಟ್ ಏರ್ ಕೊಳವೆಗಳಿಗೆ ಸೇರಿತು. ತನಿಖೆ ಮಾಡಿದವರು ಬಹುಮಟ್ಟಿಗೆ ಒಪ್ಪಿದ ವಿವರಣೆ ಇದು.

ಮಾರ್ಚ್ 28ರ ಬೆಳಗಿನ ಜಾವ 4 ಗಂಟೆ ದಾಟಿ ಅರ್ಧ ನಿಮಿಷವಾಗಿತ್ತು. ಪಾಲಿಶರುಗಳ ವಾಲ್ವುಗಳು ಮುಚ್ಚಿಕೊಂಡವು. ನೀರಿನ ದಾರಿ ಕಟ್ಟಿದ್ದರಿಂದ ಫೀಡ್‌ವಾಟರ್ ಪಂಪುಗಳು ನಿಂತವು, ಟರ್ಬೈನು ನಿಂತಿತು. ಉಷ್ಣ ಹೊರಗೆ ಹೋಗಲು ದಾರಿಯಿಲ್ಲದೆ ರಿಯಾಕ್ಟರಿನ ಒತ್ತಡ ಏರಿತು, ಮೂರನೇ ಸೆಕೆಂಡಿಗೆ ಮೇಲಿನ ರಿಲೀಫ್ ವಾಲ್ವು ತೆರೆಯಿತು. ಎಂಟನೇ ಸೆಕೆಂಡಿಗೆ ರಿಯಾಕ್ಟರ್ ತಾನಾಗಿ ನಿಂತಿತು. ಇಲ್ಲಿಯವರೆಗೆ ಎಲ್ಲ ಸರಿಯೇ. ಹದಿಮೂರನೇ ಸೆಕೆಂಡಿಗೆ ಆ ರಿಲೀಫ್ ವಾಲ್ವು ಮುಚ್ಚಬೇಕಿತ್ತು. ಮುಚ್ಚಲಿಲ್ಲ.

ಕಂಟ್ರೋಲ್ ರೂಮಿನಲ್ಲಿ ಅದರ ದೀಪ ಆರಿತು. ಆಪರೇಟರುಗಳು ವಾಲ್ವು ಮುಚ್ಚಿತು ಅಂದುಕೊಂಡರು. ಆದರೆ ಆ ದೀಪ ಹೇಳುತ್ತಿದ್ದದ್ದು ವಾಲ್ವಿನ ಸೊಲೆನಾಯ್ಡಿಗೆ ವಿದ್ಯುತ್ ಹೋಗುತ್ತಿದೆಯೋ ಇಲ್ಲವೋ ಎಂಬುದನ್ನು ಮಾತ್ರ. ವಾಲ್ವು ನಿಜಕ್ಕೂ ಎಲ್ಲಿದೆ ಎಂದು ಯಾರೂ ಅಳೆಯುತ್ತಿರಲಿಲ್ಲ! ಮನೆಯಲ್ಲಿ ಮಗನಿಗೆ ಗೇಟು ಹಾಕು ಅಂತ ಕೂಗಿ, ಕೂಗಿದ್ದಕ್ಕೇ ಗೇಟು ಹಾಕಿದೆ ಎಂದು ಬಗೆದು ಮಲಗಿದ ಹಾಗೆ.

ಇನ್ನೊಂದು ಕಡೆ, ತುರ್ತು ನೀರಿನ ಪಂಪುಗಳೇನೋ ಶುರುವಾದವು. ಆದರೆ ಅವುಗಳ ಮುಂದಿನ ಎರಡು ಬ್ಲಾಕ್ ವಾಲ್ವುಗಳು ಮುಚ್ಚಿದ್ದವು. ಸುಮಾರು 42 ಗಂಟೆ ಹಿಂದೆ ಪರೀಕ್ಷೆಗೆಂದು ಮುಚ್ಚಿದ್ದವು ಹಾಗೇ ಉಳಿದಿದ್ದವು ಎನ್ನಲಾಗಿದೆ. ಪ್ಯಾನೆಲ್ಲಿನ ಮೇಲೆ ಅವುಗಳ ದೀಪಗಳಲ್ಲಿ ಒಂದನ್ನು ಮೆಂಟೆನೆನ್ಸಿನ ಹಳದಿ ಚೀಟಿ ಮರೆಮಾಡಿತ್ತು. ಎಂಟು ನಿಮಿಷದ ಮೇಲೆ ಯಾರೋ ನೋಡಿ ತೆರೆದರು.

ರಿಲೀಫ್ ವಾಲ್ವಿನ ಹಿಂದಿನ ಪೈಪು ಬಿಸಿಯಾಗಿದೆ ಎಂದು ತಾಪಮಾನದ ಅಳತೆ ಹೇಳುತ್ತಿತ್ತು. ಆದರೆ ಅಲ್ಲಿ ಮೊದಲಿನಿಂದಲೂ ಸಣ್ಣ ಸೋರಿಕೆ ಇತ್ತು, ಆ ಪೈಪು ದಿನವೂ ಬಿಸಿಯೇ! ರಿಪೇರಿ ಮಾಡದೆ ಬಿಟ್ಟ ಸೋರಿಕೆಯಿಂದ ನೀರು ಪೋಲಾಗುವುದಷ್ಟೇ ಅಲ್ಲ, ಅಳತೆಯ ಮಾತಿಗೇ ಬೆಲೆ ಇಲ್ಲದಂತಾಗುತ್ತದೆ. ಕೊನೆಗೆ 6 ಗಂಟೆ 22 ನಿಮಿಷಕ್ಕೆ, ಆಗಷ್ಟೇ ಬಂದ ಒಬ್ಬರ ಹೊಸ ಕಣ್ಣಿಗೆ ಅನುಮಾನ ಬಂದು ಆ ಪೈಪಿನ ಬ್ಲಾಕ್ ವಾಲ್ವನ್ನು ಮುಚ್ಚಿಸಲಾಯಿತು. ಅಷ್ಟರಲ್ಲಿ ಸುಮಾರು 32,000 ಗ್ಯಾಲನ್, ಅಂದರೆ 1.2 ಲಕ್ಷ ಲೀಟರ್ ನೀರು ಹೊರಹೋಗಿತ್ತು.

ಮುಂದಿನದು ನಿಮಗೆ ಗೊತ್ತಿರುತ್ತದೆ. ಮಾರ್ಚ್ 30ರಂದು ಗವರ್ನರ್ ಡಿಕ್ ಥಾರ್ನ್‌ಬರ್ಗ್ ಐದು ಮೈಲಿಯೊಳಗಿನ ಗರ್ಭಿಣಿಯರು, ಶಾಲೆಗೆ ಸೇರದ ಪುಟ್ಟ ಮಕ್ಕಳು ಊರು ಬಿಡುವುದು ಒಳ್ಳೆಯದು ಎಂದರು. ಊರು ಬಿಟ್ಟವರು ಒಂದು ಲಕ್ಷಕ್ಕೂ ಹೆಚ್ಚು ಜನ. ಹೊರಬಿದ್ದ ವಿಕಿರಣ ಕಡಿಮೆ, ಜನರ ಆರೋಗ್ಯಕ್ಕೆ ಪತ್ತೆಯಾಗುವಷ್ಟು ಹಾನಿಯಾಗಿಲ್ಲ ಎಂದು ಸರ್ಕಾರಿ ಅಧ್ಯಯನಗಳು ಹೇಳಿದವು. 1982ರಲ್ಲಿ ಒಳಗೆ ಕ್ಯಾಮೆರಾ ಇಳಿಸಿದ ಮೇಲೆ ಒಂದೊಂದಾಗಿ ನಿಜ ಹೊರಬಂತು - ಇಂಧನದ ಸುಮಾರು ಅರ್ಧ ಭಾಗ ಕರಗಿಹೋಗಿತ್ತು. ಶುದ್ಧಗೊಳಿಸುವ ಕೆಲಸ 1993ರವರೆಗೆ ನಡೆಯಿತು, ಖರ್ಚು ಸುಮಾರು ನೂರು ಕೋಟಿ ಡಾಲರ್.

*

ಅಧ್ಯಕ್ಷ ಜಿಮ್ಮಿ ಕಾರ್ಟರ್ ನೇಮಿಸಿದ ತನಿಖಾ ಆಯೋಗದ ಮುಖ್ಯಸ್ಥರು ಜಾನ್ ಕೆಮೆನಿ. ನಮ್ಮಲ್ಲಿ ಕಂಪ್ಯೂಟರ್ ಕಲಿತವರಿಗೆ ಈ ಹೆಸರು ಹೊಸದಲ್ಲ, ಬೇಸಿಕ್ ಭಾಷೆಯನ್ನು ರೂಪಿಸಿದ ಇಬ್ಬರಲ್ಲಿ ಒಬ್ಬರು! 1979ರ ಅಕ್ಟೋಬರಿನಲ್ಲಿ ಬಂದ ಅವರ ವರದಿ ಆಪರೇಟರುಗಳ ತಪ್ಪನ್ನು ಮುಚ್ಚಿಡಲಿಲ್ಲ. ಆದರೆ ಅಲ್ಲಿಗೇ ನಿಲ್ಲಲೂ ಇಲ್ಲ. ತರಬೇತಿ, ಕಂಟ್ರೋಲ್ ರೂಮಿನ ವಿನ್ಯಾಸ, ಕಂಪನಿ, ನಿಯಂತ್ರಣ ಸಂಸ್ಥೆ ಎಲ್ಲರನ್ನೂ ಕಟಕಟೆಗೆ ತಂದಿತು.

ಅದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ಚಿಕ್ಕ ವಿಷಯ. ಪಾಲಿಶರುಗಳಲ್ಲಿ ಇಂಥದೇ ತೊಂದರೆ ಅದಕ್ಕೂ ಮೊದಲು ಅಲ್ಲಿ ಕನಿಷ್ಠ ಎರಡು ಸಲ ಆಗಿತ್ತಂತೆ. ಆಗಲೇ ಸರಿ ಮಾಡಿದ್ದರೆ ಮಾರ್ಚ್ 28ರ ಸರಪಳಿ ಶುರುವೇ ಆಗುತ್ತಿರಲಿಲ್ಲವೇನೋ ಎಂಬ ಅರ್ಥದ ಮಾತು ವರದಿಯಲ್ಲಿದೆ. ಎರಡು ಸಲ! ಯಾಕೆ ಬಿಟ್ಟರು? ನನಗೆ ಕಾಣುವ ಕಾರಣ ಇಷ್ಟು: ಅದು ರಿಯಾಕ್ಟರಿನ ಭಾಗವಲ್ಲ. ಸುರಕ್ಷತೆಗೆ ಸಂಬಂಧಪಟ್ಟದ್ದಲ್ಲ ಎಂಬ ಪಟ್ಟಿಯಲ್ಲಿತ್ತು. ಬರೀ ಗಾಳಿಯ ಪೈಪು ತಾನೇ, ನೋಡೋಣ ಬಿಡಿ...

ಈ 'ನೋಡೋಣ ಬಿಡಿ' ಸುಲಭಕ್ಕೆ ಹೋಗುವಂಥದ್ದಲ್ಲ. ರಿಲೀಫ್ ವಾಲ್ವುಗಳ ನಿಜವಾದ ಸ್ಥಿತಿ ಕಂಟ್ರೋಲ್ ರೂಮಿನಲ್ಲಿ ಕಾಣಬೇಕು ಎಂಬ ನಿಯಮ 1979ರಲ್ಲೇ ಹೊರಟಿತು. ಗಾಳಿಯ ಪಾಳಿ ಬರಲು ಒಂಬತ್ತು ವರ್ಷ ಹಿಡಿಯಿತು. 1988ರ ಆಗಸ್ಟ್ 8ರಂದು ಅಮೆರಿಕದ ನ್ಯೂಕ್ಲಿಯರ್ ರೆಗ್ಯುಲೇಟರಿ ಕಮಿಷನ್ ಎಲ್ಲ ಸ್ಥಾವರಗಳಿಗೂ ಒಂದು ಪತ್ರ ಬರೆಯಿತು. ನಿಮ್ಮ ಇನ್‌ಸ್ಟ್ರುಮೆಂಟ್ ಏರ್ ಉಪಕರಣ ತಯಾರಕರು ಹೇಳಿದಷ್ಟು ಶುದ್ಧವಾಗಿದೆಯೇ ಎಂದು ಅಳೆದು ನೋಡಿ, ಮೆಂಟೆನೆನ್ಸ್ ಮತ್ತು ತರಬೇತಿ ಸಾಕೇ ಎಂದು ನೋಡಿ, ಗಾಳಿ ಹೋದಾಗ ಪ್ರತಿ ವಾಲ್ವೂ ಅಂದುಕೊಂಡ ಕಡೆಗೇ ಹೋಗುತ್ತದೆಯೇ ಎಂದು ಪರೀಕ್ಷೆ ಮಾಡಿ - ಇವು ಅದರ ಸಾರ. ಕಾಗದದ ಮೇಲಿನ ನಕ್ಷೆ ಸಾಲದು, ಗಾಳಿ ತೆಗೆದು ನೋಡಿ ಎಂದಂತಾಯಿತು.

ಇವತ್ತು ಯಾವುದೇ ಒಳ್ಳೆಯ ಕಾರ್ಖಾನೆಯಲ್ಲಿ ಪಾಠದಂತೆ ಹೇಳಿಕೊಡುವ ಎಷ್ಟೋ ಸಂಗತಿಗಳನ್ನು ಈ ಕತೆಯ ಪಕ್ಕದಲ್ಲಿಟ್ಟು ನೋಡಿ. ಮುಖ್ಯ ಗಾಳಿ ಪೈಪಿನಿಂದ ಕವಲು ತೆಗೆಯುವಾಗ ಮೇಲಿನಿಂದ ತೆಗೆಯಬೇಕು, ಕೆಳಗಿನಿಂದ ತೆಗೆದರೆ ನಿಂತ ನೀರೆಲ್ಲ ಸೀದಾ ವಾಲ್ವಿಗೆ. ತಗ್ಗಿನಲ್ಲಿ ಡ್ರೈನ್ ಇಡಬೇಕು, ಇಟ್ಟರೆ ಸಾಲದು, ಆಗಾಗ ತೆರೆಯಲೂ ಬೇಕು. ಪೈಪು ತೊಳೆಯುವ ಗಾಳಿಗೂ ವಾಲ್ವು ನಡೆಸುವ ಗಾಳಿಗೂ ನಂಟು ಬೆಳೆಸಬಾರದು. ಗಾಳಿಯ ಇಬ್ಬನಿ ಬಿಂದು ಆ ಜಾಗದ ಅತಿ ಕಡಿಮೆ ತಾಪಮಾನಕ್ಕಿಂತ ಕನಿಷ್ಠ 10 ಡಿಗ್ರಿ ಸೆಲ್ಸಿಯಸ್ ಕೆಳಗಿರಬೇಕು ಎಂದು ಇನ್‌ಸ್ಟ್ರುಮೆಂಟ್ ಏರಿನ 1996ರ ಐಎಸ್‌ಎ ಮಾನದಂಡ ಹೇಳುತ್ತದೆ. ಲಿಮಿಟ್ ಸ್ವಿಚ್ಚು ವಾಲ್ವಿನ ದಂಡದ ಚಲನೆಯನ್ನೇ ನೋಡಬೇಕು, ಕೊಟ್ಟ ಆಜ್ಞೆಯನ್ನಲ್ಲ. ಕೆಲಸ ಮುಗಿದ ಮೇಲೆ ಚೀಟಿ ತೆಗೆಯಬೇಕು, ಮುಚ್ಚಿದ್ದನ್ನು ತೆರೆದಿದ್ದೇವೆಯೇ ಎಂದು ಇನ್ನೊಬ್ಬರು ನೋಡಬೇಕು. ಮತ್ತೆ, ಸ್ಪ್ರಿಂಗಿನ ಬಲ ಹೇಗೆ ಇಳಿಸಬೇಕೆಂದು ತಿಳಿಯದೆ ಆಕ್ಚುಯೇಟರ್ ಬಿಚ್ಚಬಾರದು. ಗಾಳಿ ತೆಗೆದರೂ ಅದರೊಳಗಿನ ಸಿಟ್ಟು ಹೋಗಿರುವುದಿಲ್ಲ!

ಇದೆಲ್ಲ ಹೆಸರು ತರುವ ಕೆಲಸವಲ್ಲ. ಮಾಡಿದರೆ ಏನೂ ಆಗುವುದಿಲ್ಲ, ಆ ಏನೂ ಆಗದಿರುವುದೇ ಅದರ ಫಲ. ಅದಕ್ಕೇ ಬಜೆಟ್ಟಿನಲ್ಲಿ ಮೊದಲು ಕತ್ತರಿ ಬೀಳುವುದೂ ಅದಕ್ಕೇ, ಚರಿತ್ರೆಯಲ್ಲಿ ಪುಟ ಸಿಗದಿರುವುದೂ ಅದಕ್ಕೇ. ರಿಯಾಕ್ಟರ್ ಕಟ್ಟಿದವರ ಹೆಸರು ಇರುತ್ತದೆ, ಆ ರಾತ್ರಿ ಪ್ಯಾನೆಲ್ಲಿನ ಮುಂದೆ ಕೂತಿದ್ದವರ ಹೆಸರು ಇನ್ನೂ ಹೆಚ್ಚಾಗಿ ಇರುತ್ತದೆ. ಹಿಂದಿನ ಎರಡು ಸಲವೇ ಚೆಕ್ ವಾಲ್ವು ಬಿಚ್ಚಿ ನೋಡೋಣ ಎಂದು ಯಾರಾದರೂ ಹಟ ಹಿಡಿದಿದ್ದರೆ ಅವರ ಹೆಸರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ತ್ರೀ ಮೈಲ್ ಐಲ್ಯಾಂಡ್ ಅನ್ನುವ ಹೆಸರೂ ನಮಗೆ ಗೊತ್ತಿರುತ್ತಿರಲಿಲ್ಲ.

ನಿಮ್ಮ ಕೆಲಸದ ಜಾಗದಲ್ಲೂ ಇಂಥ 'ನೋಡೋಣ ಬಿಡಿ' ಒಂದಿದೆಯಾ? ಪುರುಸೊತ್ತಿದ್ದಾಗ ಒಮ್ಮೆ ನೋಡಿಬಿಡಿ.