ಪೀಪಾಯಿಯಲ್ಲಿ ಮಾಗುವ ಹೊಗೆಸೊಪ್ಪು



ಉಪ್ಪಿನಕಾಯಿ ಬರಣಿಯ ಬಾಯಿಗೆ ಬಟ್ಟೆ ಕಟ್ಟಿ, ಮೂಲೆಯಲ್ಲಿಟ್ಟು ದಿನ ಎಣಿಸುವುದು ನಿಮಗೇನೂ ಹೊಸದಲ್ಲ. ಹೊಗೆಸೊಪ್ಪನ್ನೂ ಹೀಗೇ ಅದುಮಿಟ್ಟು ವರ್ಷಗಟ್ಟಲೆ ಕಾಯುವ ರೈತರು ಇದ್ದಾರೆ ಅಂದರೆ ನಂಬುತ್ತೀರಾ? ಹುಣಸೂರು, ಪಿರಿಯಾಪಟ್ಟಣದವರು ಬ್ಯಾರನ್ನಿನ ಕಾವಿನಲ್ಲಿ ಎಲೆ ಹದಮಾಡುತ್ತಾರೆ. ನಿಪ್ಪಾಣಿಯ ಬೀಡಿ ತಂಬಾಕು ಬಿಸಿಲಿಗೆ ಒಣಗುತ್ತದೆ. ಇಂದು ಹೇಳಹೊರಟದ್ದು ಈ ಎರಡರ ಮಾತಲ್ಲ. ಪೈಪಿಗೆ, ಅಂದರೆ ಚುಂಗಾಣಿಗೆ ತುಂಬುವ 'ಪೆರೀಕ್' ಎಂಬ ಸೊಪ್ಪಿನದು. ಊರು ಬಹಳ ದೂರ: ಅಮೆರಿಕದ ಲೂಸಿಯಾನಾ ರಾಜ್ಯದಲ್ಲಿ ಮಿಸಿಸಿಪಿ ನದಿಯ ದಂಡೆಯ ಸೇಂಟ್ ಜೇಮ್ಸ್ ಸೀಮೆ.

ಅಲ್ಲಿನ ಮೂಲ ನಿವಾಸಿಗಳಾದ ಚೊಕ್ಟಾ, ಚಿಕಸಾ ಜನರು ಪೊಳ್ಳು ಮರದ ಬೊಡ್ಡೆಯೊಳಗೆ ಎಲೆ ತುಂಬಿ, ಉದ್ದನೆಯ ಗಳುವಿನಿಂದ ಅದುಮಿ, ಗಳುವಿನ ಮೇಲೆ ಕಲ್ಲು ಹೇರುತ್ತಿದ್ದರಂತೆ. ಪಿಯರ್ ಶೆನೆ ಎಂಬ ರೈತ ಇದನ್ನು ಅವರಿಂದ ಕಲಿತು, 1824ರ ಸುಮಾರಿಗೆ ಮಾರಾಟದ ಸರಕನ್ನಾಗಿ ಮಾಡಿದನೆಂದು ಹೇಳಿಕೆ. ಹೆಸರು ಉಳಿದದ್ದು ಶೆನೆಯದು. ವಿದ್ಯೆ ಕೊಟ್ಟವರ ಹೆಸರು ಯಾರೂ ಬರೆದಿಡಲಿಲ್ಲ.

ಕೆಲಸ ಹೇಗೆ ಅಂತ ಕೇಳಿ. ಕೊಯ್ದ ಗಿಡವನ್ನು ಕೊಟ್ಟಿಗೆಯ ನೆರಳಿನಲ್ಲಿ ತೂಗುಹಾಕುತ್ತಾರೆ. ಒಣಗಿದ ಎಲೆ ಮುಟ್ಟಿದರೆ ಪುಡಿಯಾಗುತ್ತದೆ. ಆದ್ದರಿಂದ ನೀರು ಚಿಮುಕಿಸಿ ಮೆತ್ತಗೆ ಮಾಡಿ, ನಡುವಿನ ದಪ್ಪ ನರ ತೆಗೆದು, ಹುರಿಮಾಡಿ ಪಿಂಡಿ ಕಟ್ಟುತ್ತಾರೆ. ಪಿಂಡಿಗಳನ್ನು ವಿಸ್ಕಿ ತುಂಬಿದ್ದ ಓಕ್ ಮರದ ಹಳೇ ಪೀಪಾಯಿಯಲ್ಲಿ ಒತ್ತಾಗಿ ಪೇರಿಸಿ, ಮೇಲೊಂದು ಹಲಗೆ ಇಟ್ಟು, ತಿರುಪಿನ ಜಾಕಿಯಿಂದ ಬಿಗಿಯುತ್ತಾರೆ. ಲಾರಿಯ ಚಕ್ರ ಎತ್ತುವ ಜಾಕಿ ನೋಡಿದ್ದೀರಲ್ಲ, ಅಂಥದ್ದೇ. ಎಲೆ ತನ್ನ ರಸವನ್ನು ತಾನೇ ಬಿಟ್ಟು ಅದರಲ್ಲೇ ನೆನೆಯುತ್ತದೆ. ಗಾಳಿಯಿಲ್ಲದ ಆ ಒತ್ತಡದಲ್ಲಿ ಯೀಸ್ಟಿನಂಥ ಸೂಕ್ಷ್ಮಜೀವಿಗಳು ಹುದುಗು ಬರಿಸುತ್ತವೆ. ದನಗಳಿಗೆ ಗುಂಡಿಯಲ್ಲಿ ರಸಮೇವು ಹಾಕುವವರಿಗೆ ಇದು ಬೇಗ ತಿಳಿದೀತು. ವರ್ಷದಲ್ಲಿ ಮೂರು ಸಲವಾದರೂ ಜಾಕಿ ಸಡಿಲಿಸಿ, ಪಿಂಡಿ ಬಿಚ್ಚಿ ಗಾಳಿಗೆ ಹಿಡಿದು, ಮತ್ತೆ ತುಂಬಿ ಬಿಗಿಯಬೇಕು. ಎಲ್ಲವೂ ಕೈಕೆಲಸವೇ. ಕೊನೆಗೆ ಎಲೆ ಕಾಡಿಗೆಯಂತೆ ಕಪ್ಪಾಗಿ, ಕಳಿತ ಅಂಜೂರದ, ಹುಳಿಬಂದ ಹಣ್ಣಿನ ವಾಸನೆ ಕೊಡುತ್ತದೆ. ಬರೀ ಪೆರೀಕನ್ನು ಸೇದುವವರು ಅಪರೂಪ. ಸಾರಿಗೆ ಇಂಗು ಹಾಕಿದಂತೆ ಬೇರೆ ಎಲೆಗೆ ತುಸು ಬೆರೆಸುತ್ತಾರೆ.

ಪೈಪು ಸೇದುವವರು ಮನೆಯಲ್ಲಿ ಗಾಜಿನ ಜಾಡಿಗೆ ಬಿಗಿಮುಚ್ಚಳ ಹಾಕಿ ಸೊಪ್ಪನ್ನು ವರ್ಷಗಟ್ಟಲೆ ಮಾಗಿಸುವುದಕ್ಕೂ ಇದೇ ಹದ ಬೇಕು. ತೇವ ಹೆಚ್ಚಾದರೆ ಬೂಷ್ಟು, ಕಡಿಮೆಯಾದರೆ ಹೊಟ್ಟು. ಹಾಗಂತ ಮಾಗಿದ ಸೊಪ್ಪಿನ ವಿಷ ಇಳಿಯಿತೆಂದು ತಿಳಿಯಬೇಡಿ. ನಿಕೋಟಿನ್ ಅದರಲ್ಲೇ ಇರುತ್ತದೆ. ಹೊಗೆ ಸೇದುವುದು ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವೆಂದು ಅದೇ ಅಮೆರಿಕದ ಸರ್ಕಾರಿ ವೈದ್ಯ ವರದಿ 1964ರಲ್ಲೇ ಸಾರಿತು. ಒದ್ದೆ ಎಲೆಯನ್ನು ಬರಿಗೈಯಲ್ಲಿ ಹಿಡಿದು ದುಡಿಯುವ ಆಳುಗಳಿಗೂ ತಲೆಸುತ್ತು, ವಾಂತಿ ಬರುವುದುಂಟು. ಸೊಪ್ಪು ಇಟ್ಟ ಕೋಣೆಯಲ್ಲಿ ಕಾಳುಕಡ್ಡಿ ಇಡಬೇಡಿ, ಮಕ್ಕಳನ್ನು ಬಿಡಬೇಡಿ.

ಈಗ ರೈತನ ಲೆಕ್ಕ ನೋಡೋಣ. ಎಲೆ ಪೀಪಾಯಿಯಲ್ಲಿ ಕೂತಷ್ಟು ದಿನ ಅವನ ದುಡ್ಡೂ ಅಲ್ಲೇ ಕೂತಿರುತ್ತದೆ. ಸಾಲಗಾರ ವರ್ಷ ಕಾಯುತ್ತಾನೆಯೇ? ಅಷ್ಟರಲ್ಲಿ ನದಿಯ ದಂಡೆಯುದ್ದಕ್ಕೂ ಎಣ್ಣೆ ಶುದ್ಧಿಯ ಮತ್ತು ರಸಾಯನದ ಕಾರ್ಖಾನೆಗಳು ಎದ್ದವು. ತಿಂಗಳಿಗೆ ಸಂಬಳ ಎಣಿಸಿ ಕೊಡುವ ಕಡೆಗೆ ಹುಡುಗರು ಹೋದರು. ಅವರನ್ನು ದೂರಲು ನನಗೆ ಮನಸ್ಸಿಲ್ಲ. 1990ರ ದಶಕ ಮುಗಿಯುವ ಹೊತ್ತಿಗೆ ಪೆರೀಕ್ ಬೆಳೆಯುವ ಮನೆಗಳು ಬೆರಳೆಣಿಕೆಗೆ ಇಳಿದಿದ್ದವು. ಊರ ಎಲೆ ಸಾಲದೆ ಕೆಂಟಕಿ ರಾಜ್ಯದಿಂದ ಎಲೆ ತರಿಸಿ ಅದೇ ಪೀಪಾಯಿಗಳಲ್ಲಿ ಅದುಮಿ, ಬೆರೆಸಿ ಮಾರಿದರು. 2005ರಿಂದೀಚೆಗೆ ಕೊಳ್ಳುವವರು ಮುಂದೆ ಬಂದು ಬೇಡಿಕೆ ಕುದುರಿದ ಮೇಲೆ ಸೇಂಟ್ ಜೇಮ್ಸಿನ ಕೆಲವು ಹೊಲಗಳಲ್ಲಿ ಮತ್ತೆ ಸಸಿ ನೆಟ್ಟರು.