ರಸ್ತೆ ಕಟ್ಟುವವರ ರಕ್ಷಣೆ: ಸರ್ಕಾರ ಮತ್ತು ಗುತ್ತಿಗೆದಾರರ ಜಂಟಿ ಹೊಣೆಯ ಚರಿತ್ರೆ



ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಮೇಲೆ ಕಲ್ಲುಕಂಬಗಳ ಹಳೆಯ ಸೇತುವೆಯೊಂದಿದೆ. ದಿವಾನ್ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಅದು ಪೂರ್ಣಗೊಂಡಿತು. ಅಂದಿನ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನು ಅದಕ್ಕೆ ಇಡಲಾಯಿತು. ಕಟ್ಟಿಸಿದವರ ಹೆಸರು ನಮಗೆ ಗೊತ್ತು, ಯಾರ ಗೌರವಕ್ಕಾಗಿ ಎಂಬುದೂ ಗೊತ್ತು. ಹೊಳೆಯ ನೀರಿನಲ್ಲಿ ನಿಂತು ಆ ಕಂಬಗಳನ್ನು ನಿಲ್ಲಿಸಿದವರ ಬಗ್ಗೆ ನಮ್ಮ ಪಠ್ಯಪುಸ್ತಕಗಳು ಏನನ್ನೂ ಹೇಳುವುದಿಲ್ಲ. ರಸ್ತೆಗಳ ಚರಿತ್ರೆಯನ್ನು ಆ ಕೆಲಸಗಾರರ ಕಡೆಯಿಂದ ಒಮ್ಮೆ ನೋಡೋಣ.

ಗುದ್ದಲಿಯ ಕಾಲ

ಮಾರ್ಕ್ ಕಬ್ಬನ್ ಮೈಸೂರಿನ ಕಮಿಷನರ್ ಆಗಿದ್ದುದು 1834ರಿಂದ 1861ರವರೆಗೆ. ಸಂಸ್ಥಾನದ ಮುಖ್ಯ ರಸ್ತೆಗಳು ಬಹುಮಟ್ಟಿಗೆ ರೂಪುಗೊಂಡದ್ದು ಈ ಅವಧಿಯಲ್ಲಿ. 1856ರಲ್ಲಿ ಲೋಕೋಪಯೋಗಿ ಇಲಾಖೆ ಆರಂಭವಾಯಿತು. ಆಗ ಯಂತ್ರಗಳಿರಲಿಲ್ಲ. ಗುದ್ದಲಿ, ಹಾರೆ, ಸುತ್ತಿಗೆ, ಮಂಕರಿ ಇವೇ ಸಾಧನಗಳು. ಮಣ್ಣು ಮತ್ತು ಕಲ್ಲಿನ ಕೆಲಸದಲ್ಲಿ ಪಳಗಿದ ಬೋವಿ ಸಮುದಾಯದವರ ಶ್ರಮ ನಮ್ಮ ಸೀಮೆಯ ಕೆರೆ, ಕಾಲುವೆ, ರಸ್ತೆಗಳೆಲ್ಲದರಲ್ಲೂ ಸೇರಿದೆ.

ಹಿಂದೆ ಹಿರೋಡೆ ಎಂದೂ ಫ್ರೆಂಚ್ ರಾಕ್ಸ್ ಎಂದೂ ಕರೆಸಿಕೊಳ್ಳುತ್ತಿದ್ದ ಪಾಂಡವಪುರದ ಸುತ್ತ ಬಂಡೆಗಳಿಗೆ ಕೊರತೆಯಿಲ್ಲ. ಬಂಡೆ ಒಡೆದು ಜಲ್ಲಿ ಮಾಡುವವರ ಕಣ್ಣಿಗೆ ಚೂರು ಸಿಡಿಯುತ್ತಿತ್ತು, ಶ್ವಾಸಕೋಶಕ್ಕೆ ಕಲ್ಲಿನ ದೂಳು ಸೇರುತ್ತಿತ್ತು. ಹೀಗೆ ದೂಳು ಸೇರಿ ಬರುವ ಕಾಯಿಲೆಗೆ ಸಿಲಿಕೋಸಿಸ್ ಎಂದು ಹೆಸರು. ಒಮ್ಮೆ ಬಂದರೆ ಅದನ್ನು ಪೂರ್ತಿ ಗುಣಪಡಿಸುವ ಔಷಧ ಇಂದಿಗೂ ಇಲ್ಲ. ಬಾರದಂತೆ ತಡೆಯುವುದೊಂದೇ ದಾರಿ. ಜಲ್ಲಿಗೆ ನೀರು ಚಿಮುಕಿಸಿ ದೂಳನ್ನು ಅಡಗಿಸುವಂಥ ಸರಳ ಕ್ರಮವೂ ಇಲ್ಲಿ ಜೀವ ಉಳಿಸಬಲ್ಲದು.

1911ರಿಂದ 1932ರವರೆಗೆ ಕನ್ನಂಬಾಡಿಯಲ್ಲಿ ಕೃಷ್ಣರಾಜಸಾಗರದ ಕಾಮಗಾರಿ ನಡೆಯಿತು. ಸಾವಿರಾರು ಕೂಲಿಗಾರರು ಒಂದೆಡೆ ಸೇರಿದಾಗ ರೋಗದ ಭಯವೂ ಸೇರುತ್ತದೆ. ಮುಂದೆ ನೀರಾವರಿ ಹರಡಿದಂತೆ ಮಲೇರಿಯಾ ದೊಡ್ಡ ಪ್ರಶ್ನೆಯಾಯಿತು. ಸಂಸ್ಥಾನದ ಆರೋಗ್ಯ ಇಲಾಖೆ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆಗೂಡಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಸರ್ಕಾರವೊಂದರಿಂದಲೇ ಆಗದ ಕೆಲಸವನ್ನು ಹೊರಗಿನ ಸಂಸ್ಥೆಯೊಂದಿಗೆ ಹಂಚಿಕೊಂಡು ಮಾಡಬಹುದು ಎಂಬುದಕ್ಕೆ ನಮ್ಮ ನೆಲದಲ್ಲೇ ದೊರೆಯುವ ಉದಾಹರಣೆಯಿದು.

ಕಾನೂನಿನ ಹೆಜ್ಜೆಗಳು

1923ರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ ಕಾರ್ಮಿಕರ ಪರಿಹಾರ ಕಾಯಿದೆ ಬಂತು. ಕೆಲಸದಲ್ಲಿ ಗಾಯವಾದರೆ ಅಥವಾ ಮರಣ ಸಂಭವಿಸಿದರೆ ಮಾಲೀಕ ಹಣ ಕೊಡಬೇಕೆಂಬುದು ಅದರ ಸಾರ. 1948ರ ಕನಿಷ್ಠ ವೇತನ ಕಾಯಿದೆಯ ಪಟ್ಟಿಯಲ್ಲಿ ರಸ್ತೆ ನಿರ್ಮಾಣ ಮತ್ತು ಕಲ್ಲು ಒಡೆಯುವ ಕೆಲಸಗಳೆರಡೂ ಸೇರಿದವು. ಒಂದು ಕಾಯಿದೆ ಅಪಘಾತವಾದ ಮೇಲೆ ನೆರವಾಯಿತು, ಇನ್ನೊಂದು ಕೂಲಿಯನ್ನು ನೋಡಿಕೊಂಡಿತು. ಅಪಘಾತವೇ ಆಗದಂತೆ ತಡೆಯುವ ವ್ಯವಸ್ಥೆ ರಸ್ತೆ ಕೆಲಸದವರಿಗೆ ಬರಲು ಬಹಳ ವರ್ಷಗಳು ಬೇಕಾದವು.

1980ರ ದಶಕದಲ್ಲಿ ನಿರ್ಮಾಣ ಕಾರ್ಮಿಕರು ದೇಶಮಟ್ಟದಲ್ಲಿ ಆಂದೋಲನ ನಡೆಸಿದರು. ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಬೆಂಬಲ ಅದಕ್ಕಿತ್ತು. ಅದರ ಫಲವಾಗಿ 1996ರಲ್ಲಿ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಾಯಿದೆ ಬಂತು. ಈ ಹೆಸರಿನ ‘ಇತರೆ ನಿರ್ಮಾಣ’ ಎಂಬ ಮಾತಿನೊಳಗೆ ರಸ್ತೆ, ಸೇತುವೆ, ಸುರಂಗಗಳೆಲ್ಲ ಸೇರಿವೆ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳಿಬ್ಬರೂ ಕೂಡಿದ ಸುರಕ್ಷತಾ ಸಮಿತಿ ಇರಬೇಕೆಂದು ಅದು ವಿಧಿಸಿತು.

ಅದೇ ವರ್ಷ ಬಂದ ಸೆಸ್ ಕಾಯಿದೆಯ ಪ್ರಕಾರ ನಿರ್ಮಾಣ ವೆಚ್ಚದ ಶೇಕಡ 1ರಷ್ಟು ಹಣ ಕಾರ್ಮಿಕರ ಕಲ್ಯಾಣ ನಿಧಿಗೆ ಸೇರತೊಡಗಿತು. 10 ಕೋಟಿ ರೂಪಾಯಿಯ ಕಾಮಗಾರಿಯೆಂದರೆ ನಿಧಿಗೆ 10 ಲಕ್ಷ. ಕರ್ನಾಟಕದಲ್ಲಿ ನಿಯಮಗಳು 2006ರಲ್ಲಿ ರೂಪುಗೊಂಡವು; ಕಲ್ಯಾಣ ಮಂಡಳಿಯೂ ಬಂತು. 2020ರಲ್ಲಿ ಸಂಸತ್ತು ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆಯನ್ನು ಅಂಗೀಕರಿಸಿತು. 2025ರ ನವೆಂಬರ್ 21ರಂದು ಅದು ಜಾರಿಗೆ ಬಂದು, 1996ರ ಕಾಯಿದೆಯ ವಿಷಯಗಳು ಹೊಸ ಚೌಕಟ್ಟಿಗೆ ಸೇರಿದವು.

ಕೆಲಸ ನಡೆಯುವ ಜಾಗ

ಕಾರ್ಖಾನೆಯ ಕೆಲಸಗಾರನಿಗೆ ಸುತ್ತ ಗೋಡೆಯಿದೆ. ರಸ್ತೆಯ ಕೆಲಸಗಾರನ ಬೆನ್ನ ಹಿಂದೆ ಲಾರಿ ಓಡುತ್ತಿರುತ್ತದೆ. ಕುದಿಯುವ ಡಾಂಬರಿನ ಮಿಶ್ರಣದ ಬಿಸಿ ಸುಮಾರು 150 ಡಿಗ್ರಿ ಸೆಲ್ಸಿಯಸ್. ಅದನ್ನು ಹರಡುವವರು ಬೂಟಿಲ್ಲದೆ ಕಾಲಿಗೆ ಗೋಣಿತಾಟು ಸುತ್ತಿಕೊಂಡು ನಿಲ್ಲುವುದನ್ನು ನೀವೂ ನೋಡಿರಬಹುದು. ಇನ್ನು ರೋಲರ್ ಮತ್ತು ಟಿಪ್ಪರ್ ಹಿಂದಕ್ಕೆ ಬರುವಾಗ ಚಾಲಕನಿಗೆ ಹಿಂದಿನವರು ಕಾಣುವುದಿಲ್ಲ.

ಇದಕ್ಕೊಂದು ಶಾಸ್ತ್ರವಿದೆ. 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಶಿಫಾರಸಿನಂತೆ 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಎಂಬ ಸಂಸ್ಥೆ ಹುಟ್ಟಿತು. ಸರ್ಕಾರಿ ಎಂಜಿನಿಯರುಗಳೂ ಖಾಸಗಿ ವಲಯದ ತಜ್ಞರೂ ಒಟ್ಟಿಗೆ ಕುಳಿತು ರಸ್ತೆಯ ನಿಯಮಾವಳಿ ಬರೆಯುವ ವೇದಿಕೆಯಿದು. ಕಾಮಗಾರಿ ವಲಯದ ಸುರಕ್ಷತೆಗೆಂದೇ ಅದು 2001ರಲ್ಲಿ ಮಾರ್ಗಸೂಚಿ ಪ್ರಕಟಿಸಿತು, 2014ರಲ್ಲಿ ಪರಿಷ್ಕರಿಸಿತು. ಕಾಮಗಾರಿಯ ಜಾಗವನ್ನು ನಾಲ್ಕು ಭಾಗ ಮಾಡಿ ನೋಡುವುದು ಅದರ ಕ್ರಮ. ಮೊದಲು ಎಚ್ಚರಿಕೆಯ ಫಲಕಗಳ ಭಾಗ. ನಂತರ ವಾಹನಗಳನ್ನು ಮೆಲ್ಲನೆ ಪಕ್ಕಕ್ಕೆ ತಿರುಗಿಸುವ ಭಾಗ. ಆಮೇಲೆ ಕೆಲಸದ ಭಾಗ. ಕೊನೆಗೆ ವಾಹನಗಳು ಮತ್ತೆ ತಮ್ಮ ದಾರಿಗೆ ಮರಳುವ ಭಾಗ. ಎಚ್ಚರಿಕೆ ಎಷ್ಟು ದೂರದಲ್ಲಿ ಆರಂಭವಾಗಬೇಕೆಂಬುದನ್ನು ವಾಹನಗಳ ವೇಗ ನಿರ್ಧರಿಸುತ್ತದೆ. ಕೆಲಸದ ಪಕ್ಕದಲ್ಲೇ ಒಂದು ಕೆಂಪು ಬಟ್ಟೆ ಕಟ್ಟಿದರೆ ಸಾಲದು ಎನ್ನುವುದು ಇದರಿಂದ ತಿಳಿಯುತ್ತದೆ.

ನಾಲ್ಕು ತಾಲ್ಲೂಕುಗಳ ಅನುಭವ

ಶ್ರೀರಂಗಪಟ್ಟಣವನ್ನು ಹಾದುಹೋಗುವ ಬೆಂಗಳೂರು-ಮೈಸೂರು ಹೆದ್ದಾರಿ 118 ಕಿಲೋಮೀಟರ್ ಉದ್ದದ ಹೊಸ ರೂಪದಲ್ಲಿ 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲಗಳನ್ನು ಕೂಡಿಸುವ ರಸ್ತೆ ಈಗ 150ಎ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ. ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕ್ರಾಸಿನಲ್ಲಿ ಬೆಂಗಳೂರು-ಹಾಸನ ಹೆದ್ದಾರಿ ಹಾಯುತ್ತದೆ. ಕೃಷ್ಣರಾಜಪೇಟೆಯಿಂದ ಕಿಕ್ಕೇರಿಯ ಮೂಲಕ ಚನ್ನರಾಯಪಟ್ಟಣಕ್ಕೆ ದಾರಿಯಿದೆ.

ಈ ರಸ್ತೆಗಳ ಸ್ವಭಾವ ಒಂದೇ ಬಗೆಯದಲ್ಲ. ಹೆದ್ದಾರಿಯಲ್ಲಿ ವೇಗವೇ ಅಪಾಯ. ತಾಲ್ಲೂಕು ರಸ್ತೆಯಲ್ಲಿ ಕಬ್ಬು ಅರೆಯುವ ಕಾಲ ಬಂದರೆ, ಹಿಂಬದಿಯ ದೀಪವಿಲ್ಲದ ಎತ್ತಿನ ಗಾಡಿ ಮತ್ತು ಟ್ರ್ಯಾಕ್ಟರುಗಳು ಕತ್ತಲಲ್ಲಿ ಸಾಲಾಗಿ ಬರುತ್ತವೆ. ದೊಡ್ಡ ಹೆದ್ದಾರಿಯ ಕಂಪನಿಗೆ ಸುರಕ್ಷತಾ ಅಧಿಕಾರಿಯನ್ನು ನೇಮಿಸುವ ಶಕ್ತಿಯಿದೆ. ಹಳ್ಳಿ ರಸ್ತೆಗೆ ಡಾಂಬರು ಹಾಕುವ ಹತ್ತು ಹನ್ನೆರಡು ಜನರ ತಂಡಕ್ಕೆ ಮೇಸ್ತ್ರಿಯೇ ಎಲ್ಲ. 1996ರ ಕಾಯಿದೆಯ 500 ಜನರ ಲೆಕ್ಕದ ಸುರಕ್ಷತಾ ಸಮಿತಿ ಆ ತಂಡವನ್ನು ಮುಟ್ಟುತ್ತಲೇ ಇರಲಿಲ್ಲ.

ಸಹಕಾರ ಏಕೆ ಬೇಕು?

ಟೆಂಡರಿನಲ್ಲಿ ಅತಿ ಕಡಿಮೆ ಮೊತ್ತ ಕೂಗಿದವರಿಗೆ ಕೆಲಸ ಸಿಗುವುದು ರೂಢಿ. ಇಬ್ಬರು ಗುತ್ತಿಗೆದಾರರಿದ್ದಾರೆ ಎಂದುಕೊಳ್ಳಿ. ಒಬ್ಬರು ಬೂಟು, ಹೆಲ್ಮೆಟ್, ಹೊಳೆಯುವ ಅಂಗಿ, ತಡೆಗೋಡೆ, ಬಾವುಟ ಹಿಡಿಯುವ ಇಬ್ಬರು ಆಳು ಇವೆಲ್ಲದರ ಖರ್ಚನ್ನು ಸೇರಿಸಿ ಮೊತ್ತ ಬರೆಯುತ್ತಾರೆ. ಇನ್ನೊಬ್ಬರು ಅದನ್ನು ಬಿಟ್ಟು ಬರೆಯುತ್ತಾರೆ. ಎರಡನೆಯವರು ಗೆಲ್ಲುತ್ತಾರೆ. ಹೀಗೆ ಒಳ್ಳೆಯವರಿಗೇ ನಷ್ಟವಾಗುವ ಸ್ಪರ್ಧೆಯಲ್ಲಿ ಗುತ್ತಿಗೆದಾರನ ಸದ್ಬುದ್ಧಿಯನ್ನು ಮಾತ್ರ ನಂಬಿ ಕುಳಿತರೆ ಫಲವಿಲ್ಲ. ಸುರಕ್ಷತೆಯ ಖರ್ಚನ್ನು ಸರ್ಕಾರವೇ ಅಂದಾಜುಪಟ್ಟಿಯಲ್ಲಿ ಬೇರೆ ಸಾಲಾಗಿ ತೋರಿಸಿ, ಎಲ್ಲರಿಗೂ ಸಮಾನ ಮಾಡಿ, ಕೆಲಸ ನೋಡಿ ಹಣ ಕೊಟ್ಟರೆ ಆ ಸ್ಪರ್ಧೆ ನ್ಯಾಯವಾಗುತ್ತದೆ. ಸಹಕಾರವೆಂಬ ಮಾತಿಗೆ ಇಲ್ಲಿರುವ ಅರ್ಥ ಇದು.

ಹೊರದೇಶದ ಒಂದು ನಿದರ್ಶನ ನೋಡಿ. ಅಮೆರಿಕದಲ್ಲಿ ಡಾಂಬರಿನ ಹೊಗೆಯಿಂದ ಕೆಲಸಗಾರರಿಗೆ ಆಗುವ ತೊಂದರೆಯ ಬಗ್ಗೆ ಸರ್ಕಾರಿ ಸಂಸ್ಥೆಗಳು, ಡಾಂಬರು ಉದ್ಯಮ, ಯಂತ್ರ ತಯಾರಕರು ಮತ್ತು ಕಾರ್ಮಿಕ ಸಂಘಗಳು ಜೊತೆಯಾಗಿ ಚರ್ಚಿಸಿದವು. 1997ರಲ್ಲಿ ಆದ ಒಪ್ಪಂದದಂತೆ, ಡಾಂಬರು ಹಾಸುವ ಹೊಸ ದೊಡ್ಡ ಯಂತ್ರಗಳಿಗೆ ಹೊಗೆಯನ್ನು ಹೀರಿ ಹೊರಹಾಕುವ ಸಾಧನ ಜೋಡಿಸಲು ತಯಾರಕರು ಒಪ್ಪಿದರು. ಕಾರ್ಮಿಕ ಸಂಘವೂ ಮೇಜಿನ ಸುತ್ತ ಕುಳಿತಿತ್ತು ಎಂಬುದನ್ನು ಗಮನಿಸಿ. ಹೊಗೆ ಕುಡಿಯುವವನ ಮಾತು ಕೇಳದೆ ಮಾಡಿದ ಒಪ್ಪಂದ ಅರ್ಧವೇ.

ಲೆಕ್ಕಕ್ಕೆ ಬರಬೇಕಾದವರು

2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ತೀರಿಕೊಂಡರೆಂದು ಕೇಂದ್ರ ಸರ್ಕಾರದ ವರದಿ ಹೇಳುತ್ತದೆ. ಅದರಲ್ಲಿ ಪಾದಚಾರಿಗಳಿಗೆ ಒಂದು ಪಟ್ಟಿ, ದ್ವಿಚಕ್ರ ಸವಾರರಿಗೆ ಒಂದು ಪಟ್ಟಿ ಇದೆ; ಕಾಮಗಾರಿ ನಡೆಯುತ್ತಿದ್ದ ರಸ್ತೆಗಳ ಅಪಘಾತಗಳ ಲೆಕ್ಕವೂ ಇದೆ. ಆ ಕಾಮಗಾರಿಯಲ್ಲಿ ದುಡಿಯುತ್ತಿದ್ದವರಿಗೆ ಮಾತ್ರ ಪ್ರತ್ಯೇಕ ಪಟ್ಟಿಯಿಲ್ಲ. ಎಣಿಕೆಗೆ ಸಿಗದ ಸಾವನ್ನು ತಡೆಯುವ ಯೋಜನೆ ಮಾಡುವುದು ಕಷ್ಟ.

ಕಲ್ಯಾಣ ನಿಧಿಯಲ್ಲೂ ಇಂಥದೇ ತೊಡಕು. 1996ರ ಕಾಯಿದೆಯಡಿ ನೋಂದಣಿಗೆ ಹಿಂದಿನ ಒಂದು ವರ್ಷದಲ್ಲಿ 90 ದಿನ ನಿರ್ಮಾಣ ಕೆಲಸ ಮಾಡಿರಬೇಕಿತ್ತು. ಗುಡಿಸಲು ಕಿತ್ತು ಊರಿಂದೂರಿಗೆ ಹೋಗುವ ರಸ್ತೆ ಕೂಲಿಗಾರ ಕುಟುಂಬಕ್ಕೆ ಅದನ್ನು ದೃಢೀಕರಿಸಿ ಬರೆದುಕೊಡುವವರು ಯಾರು? ಮಕ್ಕಳು ಎಳನೀರಿನ ಬುರುಡೆ ಹಿಡಿದು ಜಲ್ಲಿ ರಾಶಿಯ ಪಕ್ಕ ಆಡುತ್ತಿರುವಾಗ ತಾಯಿ ಬಾಂಡಲಿ ಹೊರುವ ದೃಶ್ಯದ ಹಿಂದೆ ಈ ಪ್ರಶ್ನೆಯಿದೆ.

ನಿಮ್ಮ ಊರಿನ ರಸ್ತೆಗೆ ಈ ವರ್ಷ ಕೆಲಸ ಬಂದರೆ ಹತ್ತಿರ ಹೋಗಿ ನೋಡಿ. ಎಚ್ಚರಿಕೆಯ ಫಲಕ ಎಷ್ಟು ಹೆಜ್ಜೆ ಮೊದಲೇ ಇದೆ, ರಾತ್ರಿ ಅದು ಹೊಳೆಯುತ್ತದೆಯೇ, ಡಾಂಬರು ಹರಡುವವರ ಕಾಲಲ್ಲಿ ಬೂಟಿದೆಯೇ ಎಂದು ಬರೆದುಕೊಳ್ಳಿ. ಅವರ ಊರು, ಹೆಸರು, ಎಷ್ಟು ವರ್ಷದಿಂದ ಈ ಕೆಲಸದಲ್ಲಿದ್ದಾರೆ ಎಂದು ಕೇಳಿ. ಚರಿತ್ರೆಯ ತರಗತಿಗೆ ಅದೂ ಒಂದು ದಾಖಲೆಯೇ.